ಕೂದಲೆಳೆಯಷ್ಟು ಓರೆ

"ಏನಮ್ಮಾ ಇದು? ಕಣ್ಣು ಮುಚ್ಕೊಂಡು ಕೆತ್ತಿದ್ರಾ?"

ಟಂಕಸಾಲೆಯ ಸಾಹೇಬರು ಮಾದರಿ ನಾಣ್ಯವನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟರು. ಅಪ್ಪಟ ಚಿನ್ನ. ಊರು ಕಟ್ಟಿ ಐನೂರು ವರ್ಷವಾದ ನೆನಪಿಗಾಗಿ ಹೊರತರುವ ನಾಣ್ಯ. ಅದರ ಮೇಲೆ ಊರಿನ ಹಳೆಯ ಗಡಿಯಾರ ಗೋಪುರ, ಕಲ್ಲು ಕಲ್ಲೂ ಎಣಿಸುವ ಹಾಗೆ. ಬರುವ ವಾರ ಅದೇ ಗೋಪುರದ ಬುಡದಲ್ಲಿ ಸಾವಿರಾರು ಜನರೆದುರು ಬಿಡುಗಡೆ.

ಸಾಹೇಬರು ಮೂಲೆಮಟ್ಟ ಇಟ್ಟು ಭೂತಗನ್ನಡಿ ಹಿಡಿದರು. ಗೋಪುರ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು.

ನಾಣ್ಯದ ಅಚ್ಚು ಕೆತ್ತಿದವಳು ಬಗ್ಗಿ ನೋಡಿದಳು. ಮೂವತ್ತು ವರ್ಷದ ಕೆಲಸ. ಅವಳ ಗೆರೆ ಸೊಟ್ಟಗಾದದ್ದನ್ನು ಕಂಡವರಿಲ್ಲ. ಟಂಕಸಾಲೆಯಲ್ಲಿ ಗೆರೆಯಕ್ಕ ಅಂತ ಹೆಸರು ಬಿದ್ದದ್ದೇ ಅದಕ್ಕೆ.

"ನೇರ ಮಾಡಿ ಕೊಡಿ, ಇವತ್ತೇ," ಎಂದರು ಸಾಹೇಬರು.

ಗೆರೆಯಕ್ಕ ತನ್ನ ಕೋಣೆಗೆ ಹೋಗಿ ಅಳತೆಯ ಪುಸ್ತಕ ತೆರೆದಳು. ಎಂಟು ತಿಂಗಳ ಹಿಂದೆ ಗೋಪುರದ ನೆತ್ತಿಯಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ಪ್ರತಿ ಕಿಟಕಿಯ ಹತ್ತಿರವೂ ದಾರಕ್ಕೂ ಗೋಡೆಗೂ ಇರುವ ಅಂತರ ಬರೆದುಕೊಂಡಿದ್ದಳು. ಕಣ್ಣನ್ನು ನಂಬುವವಳಲ್ಲ, ಅಂಕಿಯನ್ನು ನಂಬುವವಳು. ಅಂಕಿ ಹೇಳಿದಂತೆಯೇ ಕೆತ್ತಿದ್ದಳು. ಬುಡದಲ್ಲಿ ದಾರ ಗೋಡೆಯಿಂದ ಒಂದು ಗೇಣು ದೂರ! ಪಕ್ಕದಲ್ಲಿ ಅವಳದೇ ಕೈಬರಹ: ಗಾಳಿಗೆ ದಾರ ಸರಿದಿರಬೇಕು.

ಅಯ್ಯೋ ದೇವರೇ! ನಾಣ್ಯ ಓರೆಯಾಗಿಲ್ಲ, ಗೋಪುರವೇ ಓರೆಯಾಗಿದೆ. ಅದರ ಬುಡದಲ್ಲೇ ತಮ್ಮನ ಗಡಿಯಾರ ರಿಪೇರಿ ಅಂಗಡಿ. ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಪುಸ್ತಕ ಹಿಡಿದುಕೊಂಡೇ ಅಲ್ಲಿಗೆ ಓಡಿದಳು.

"ಏನಕ್ಕಾ, ಹುಲಿ ಅಟ್ಟಿಸ್ಕೊಂಡು ಬಂತಾ?" ತಮ್ಮ ನಕ್ಕ.

"ಎದ್ದೇಳೋ, ಹೊರಗೆ ಬಾ! ಗೋಪುರ ವಾಲ್ತಿದೆ."

"ನಿಂಗೆಲ್ಲೋ ತಲೆ ಕೆಟ್ಟಿದೆ. ಐನೂರು ವರ್ಷದಿಂದ ನಿಂತಿರೋದು ನಿನ್ನ ಮಾತು ಕೇಳ್ಕೊಂಡು ಬೀಳುತ್ತಾ?"

ಅವಳು ಅಂಗಡಿಯೊಳಗೆ ನುಗ್ಗಿದಳು. ಗೋಡೆ ಪಕ್ಕ ಆಳೆತ್ತರದ ಲೋಲಕದ ಗಡಿಯಾರ ನಿಂತಿತ್ತು. ಅದರ ಎಡಗಾಲಿನಡಿ ಮಡಚಿ ತುರುಕಿದ ರಟ್ಟುಗಳ ಕಟ್ಟು.

"ಇದೇನೋ?"

"ಆಗಾಗ ನಿಂತು ಹೋಗುತ್ತಕ್ಕಾ. ಒಂದು ರಟ್ಟು ತುರುಕಿದ್ರೆ ಮತ್ತೆ ನಡೆಯುತ್ತೆ. ಹಳೇ ನೆಲ, ಏನ್ಮಾಡೋದು."

"ಮೊದಲನೇದು ಯಾವಾಗ ಇಟ್ಟೆ?"

"ಹೋದ ವರ್ಷ..." ಎನ್ನುತ್ತಲೇ ಅವನು ಬಗ್ಗಿ ಎಣಿಸತೊಡಗಿದ. ಹದಿನಾಲ್ಕು. ಕೊನೆಯ ಐದು ಈ ತಿಂಗಳಲ್ಲಿ ಇಟ್ಟವು. ಅವನ ಮುಖದ ನಗು ಎಲ್ಲಿ ಹೋಯಿತೋ. ಗಡಿಯಾರ ರಿಪೇರಿಯವನು, ನೆಲ ಮಟ್ಟ ತಪ್ಪದೆ ಲೋಲಕ ಹಾಗೆ ನಿಲ್ಲುವುದಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಥಟ್ಟನೆ ಎದ್ದ.

ಅಕ್ಕಪಕ್ಕದ ಅಂಗಡಿಗಳ ಬಾಗಿಲು ಬಡಿದು ಇಬ್ಬರೂ ಕೂಗಿದರು. ಕೆಲವರು ಬೈದರು, ಕೆಲವರು ನಕ್ಕರು. ಗೆರೆಯಕ್ಕನ ಮುಖ ನೋಡಿ ಎಲ್ಲರೂ ಹೊರಬಂದರು. ಫೋನು ಹೋದದ್ದೇ ತಡ ಪೊಲೀಸರು ಬಂದು ಹಗ್ಗ ಕಟ್ಟಿದರು, ಸಾಹೇಬರೂ ಓಡಿ ಬಂದರು.

ಮಧ್ಯಾಹ್ನ ಮೂರಕ್ಕೆ ಬುಡದಿಂದ ಗರಗರ ಸದ್ದು ಬಂತು. ಗೋಪುರ ಎಡಕ್ಕೆ, ನಾಣ್ಯದಲ್ಲಿ ವಾಲಿದ್ದ ಕಡೆಗೇ ಕುಸಿಯಿತು. ತಮ್ಮನ ಅಂಗಡಿ ಇದ್ದ ಜಾಗದಲ್ಲಿ ಮನೆಯೆತ್ತರದ ಕಲ್ಲಿನ ರಾಶಿ.

ಸಾಹೇಬರು ಜೇಬಿನಿಂದ ಮಾದರಿ ನಾಣ್ಯ ತೆಗೆದು ನೋಡಿದರು. "ನಾನು ನೇರ ಮಾಡಿ ಅಂದಿದ್ದೆನಲ್ಲಮ್ಮಾ..."

ತಮ್ಮ ಧೂಳು ಮೆತ್ತಿದ ಮುಖದಲ್ಲೇ ಅಕ್ಕನ ಕೈಯಿಂದ ಅಳತೆ ಪುಸ್ತಕ ತೆಗೆದುಕೊಂಡ. ಪುಟ ಓದಿದ, ಮತ್ತೊಮ್ಮೆ ಓದಿದ.

"ಅಕ್ಕಾ, ನೀನು ಅಳತೆ ತಗೊಂಡ ದಿನ ಗಾಳಿ ಎಲ್ಲಿತ್ತು? ಸೆಕೆ ತಡೀಲಾರದೆ ಇಬ್ಬರೂ ಅಂಗಡಿ ಬಾಗಿಲಲ್ಲೇ ಕೂತಿದ್ವಲ್ಲ!"