ಉತ್ತರ ತಿಳಿಯದ ಚೀಟಿ

ಆದಿನಾರಾಯಣಪ್ಪನವರ ಬೀದಿಯಲ್ಲಿ ಮಗ್ಗದ ಸದ್ದು ಕೇಳದ ದಿನ ತಿಂಗಳಿಗೆ ಒಂದೇ. ಅಮಾವಾಸ್ಯೆಯಂದು ದೊಡ್ಡಬಳ್ಳಾಪುರದ ಆ ಬೀದಿಯ ನೇಕಾರರು ಮಗ್ಗಕ್ಕೆ ಅರಿಶಿನ ಕುಂಕುಮವಿಟ್ಟು ರಜೆ ಕೊಡುತ್ತಿದ್ದರು. ಉಳಿದ ದಿನಗಳಲ್ಲಿ ಪಕ್ಕದವನ ಮಾತು ಕೇಳಬೇಕಾದರೂ ಅವನ ಬಾಯಿಗೆ ಕಿವಿ ಕೊಡಬೇಕು. ಹಾಗಿರುವಲ್ಲಿ ಸಂಗೀತ ಕೇಳುವುದೆಲ್ಲಿ ಬಂತು? ಆದ್ದರಿಂದ ಅವರ ಸಂಗೀತದ ಕೂಟವೂ ಅಮಾವಾಸ್ಯೆಯ ಮಧ್ಯಾಹ್ನವೇ ಸೇರುತ್ತಿತ್ತು.

ಕೂಟವೆಂದರೆ ಮೂವರು. ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದ ಆದಿನಾರಾಯಣಪ್ಪ ಮನೆಯೊಡೆಯರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಚಿನ್ನಸ್ವಾಮಿ ಪಿಟೀಲು ಬಲ್ಲವರು. ಇನ್ನೊಬ್ಬ ನಾಗಸ್ವರದ ಕೊಂಡಪ್ಪ. ಉಬ್ಬಸ ಹಿಡಿದು ಅವನು ವಾದ್ಯವನ್ನು ಕೆಳಗಿಟ್ಟು ಆರು ವರ್ಷವಾಗಿತ್ತು.

ಅವರು ಹಾಡುವುದಕ್ಕಿಂತ ಹೆಚ್ಚಾಗಿ ಸವಾಲು ಹಾಕುತ್ತಿದ್ದರು. ಒಬ್ಬೊಬ್ಬರು ಒಂದೊಂದು ಚೀಟಿ ಬರೆದು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಬೇಕು. ನಿಷಾದದಿಂದಾಚೆಗೆ ಏರದ ರಾಗ ಎರಡನ್ನು ಹೇಳಿ. ಆರೋಹಣದಲ್ಲಿ ಐದೇ ಸ್ವರ, ಅವರೋಹಣದಲ್ಲಿ ಏಳೂ ಇದ್ದು ಬೆಳಗಿನ ಹೊತ್ತು ಹಾಡುವುದು ಯಾವುದು? ಹೀಗೆ. ಉತ್ತರಕ್ಕೆ ಮುಂದಿನ ಅಮಾವಾಸ್ಯೆಯವರೆಗೆ ಗಡುವು. ಹೇಳಿದವನ ಹೆಸರನ್ನು ಚೀಟಿಯ ಕೆಳಗೆ ಬರೆಯುವುದು ಪದ್ಧತಿ. ನಿಯಮ ಒಂದೇ: ಕೇಳಿದವನಿಗೆ ಉತ್ತರ ಗೊತ್ತಿರಬೇಕು. ಅದು ಚಿನ್ನಸ್ವಾಮಿಯವರು ಮಾಡಿದ ನಿಯಮ. "ಉತ್ತರ ಗೊತ್ತಿಲ್ದೆ ಕೇಳೋದು ಸವಾಲಲ್ಲ ಕಣ್ರೀ, ಸಂಕಟ," ಎನ್ನುತ್ತಿದ್ದರು.

ತೊಂಬತ್ತೊಂದನೆಯ ಇಸವಿಯ ಮಹಾಲಯ ಅಮಾವಾಸ್ಯೆಯಂದು ಆದಿನಾರಾಯಣಪ್ಪ ಆ ನಿಯಮವನ್ನು ಮುರಿದರು.

ಚಿನ್ನಸ್ವಾಮಿ ಚೀಟಿ ಬಿಚ್ಚಿ, ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಓದಿದರು. "ರುಕ್ಮಿಣಿ ಹಾಡುತ್ತಿದ್ದ ರಾಗ ಯಾವುದು? ಇದೇನ್ರೀ ಇದು? ಉತ್ತರ ನಿಮಗೆ ಗೊತ್ತು ತಾನೆ?"

"ಗೊತ್ತಿಲ್ಲ ಸ್ವಾಮಿ."

"ಹಾಗಾದ್ರೆ ನಿಯಮಕ್ಕೆ ಸೇರಲ್ಲ."

"ಸೇರದಿದ್ರೆ ಬೇಡ. ನಿಮ್ಮಿಬ್ಬರನ್ನ ಬಿಟ್ಟು ನಾನು ಇನ್ಯಾರನ್ನ ಕೇಳ್ಲಿ?"

ಆದಿನಾರಾಯಣಪ್ಪನವರ ಹೆಂಡತಿ ರುಕ್ಮಿಣಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಆಕೆ ತಂದಿಡುತ್ತಿದ್ದ ಕಾಫಿಯ ಲೋಟಗಳು ಈಗ ಹೋಟೆಲಿನಿಂದ ಬರುತ್ತಿದ್ದವು. ಕೊಂಡಪ್ಪ, "ಹಾಡಣ್ಣ, ಕೇಳಾಣ," ಎಂದ.

ಆದಿನಾರಾಯಣಪ್ಪ ಶ್ರುತಿಪೆಟ್ಟಿಗೆಯನ್ನು ಎಳೆದುಕೊಂಡು, ಹಾಡು ಎತ್ತುವ ಸ್ವರಕ್ಕೆ ಸರಿಯಾಗಿ ಷಡ್ಜವನ್ನು ಇಟ್ಟುಕೊಂಡರು. ಎರಡೇ ಸಾಲು. ಮಾತಿಲ್ಲ, ಬರೀ ಗುನುಗು. ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ನಿಂತಿತು.

"ಯಾವಾಗ ಹಾಡೋರು ಅತ್ಗೆಮ್ಮ?" ಎಂದು ಕೊಂಡಪ್ಪ ಕೇಳಿದ.

"ಕಂಡಿಕೆ ಸುತ್ತೋವಾಗ. ಆವಾಗ ಮಾತ್ರ." ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗಳಿಗೆ ಯಂತ್ರದಲ್ಲಿ ನೂಲು ಸುತ್ತುವ ಕೆಲಸ ಮೂವತ್ತು ವರ್ಷ ಆಕೆಯದಾಗಿತ್ತು. "ಕರೆಂಟ್ ಹೋಯ್ತು ಅಂದ್ರೆ ಹಾಡು ಅಲ್ಲಿಗೇ ನಿಲ್ಲೋದು. ಬಂದ್ರೆ ಮತ್ತೆ ಶುರು."

"ನಮ್ಮನೇಲಿ ಕರೆಂಟ್ ಹೋದ್ರೆ ಬೈಗುಳ ಶುರುವಾಗುತ್ತೆ," ಎಂದರು ಚಿನ್ನಸ್ವಾಮಿ. "ಅವರು ಎದ್ದು ಒಲೆ ಹತ್ರ ಹೋಗ್ತಿದ್ರೇನೋ ಬಿಡಿ. ಒಂದು ತಿಂಗಳು ಕೊಡಿ, ಹೇಳ್ತೀನಿ."

ಕಾರ್ತಿಕ ಶುದ್ಧ ದಶಮಿಗೆ ವರ್ಷದ ತಿಥಿ. ಅಂದು ಆಕೆಯ ಪಟದ ಮುಂದೆ ಆ ಎರಡು ಸಾಲು ಹಾಡಬೇಕೆಂದು ಆದಿನಾರಾಯಣಪ್ಪನವರ ಆಸೆ. ಆದರೆ ಅಲ್ಲಿ ಹಾಡಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಬಹಳ ವರ್ಷಗಳ ಹಿಂದಿನ ಒಂದು ಅಮಾವಾಸ್ಯೆ. ಶ್ರುತಿಪೆಟ್ಟಿಗೆ ನುಡಿಯುತ್ತಿತ್ತು, ಚಿನ್ನಸ್ವಾಮಿ ಪಿಟೀಲು ಕೂಡಿಸುತ್ತಿದ್ದರು. ರುಕ್ಮಿಣಮ್ಮ ಕಾಫಿ ಹಿಡಿದು ಬಂದರು, ಅದೇ ಎರಡು ಸಾಲನ್ನು ತಮಗರಿಯದೆಯೇ ಗುನುಗುತ್ತಿದ್ದರು. ಅದು ಶ್ರುತಿಗೆ ಎಲ್ಲೂ ಒಗ್ಗದೆ ಕಿವಿಗೆ ಮುಳ್ಳಿನಂತೆ ಚುಚ್ಚಿತು. ಆದಿನಾರಾಯಣಪ್ಪ ಎಲ್ಲರ ಮುಂದೆ, "ದೊಡ್ಡೋರು ಕೂತಿದ್ದಾರೆ, ಅಪಸ್ವರ ತೆಗೀಬೇಡ," ಎಂದುಬಿಟ್ಟರು. ಆಕೆ ಲೋಟಗಳನ್ನು ಇಟ್ಟು ಒಳಗೆ ಹೋದರು. ಆಮೇಲೆ ಮನೆಯೊಳಗೆ ಆಕೆ ಗುನುಗಿದ್ದನ್ನು ಯಾರೂ ಕೇಳಲಿಲ್ಲ. ಮಗ್ಗದ ಕೊಟ್ಟಿಗೆಯಲ್ಲಿ, ಯಾರಿಗೂ ಏನೂ ಕೇಳಿಸದಂಥ ಸದ್ದಿನ ನಡುವೆ ಮಾತ್ರ ಆಕೆಯ ತುಟಿ ಆಡುತ್ತಿತ್ತು. ಪಕ್ಕದಲ್ಲೇ ನಿಂತು ನೂಲು ಕೊಡುತ್ತಿದ್ದ ಗಂಡನ ಕಿವಿಗೆ ಮಾತ್ರ ಅದು ಬೀಳುತ್ತಿತ್ತು.

ಸ್ನೇಹಿತರಿಬ್ಬರಿಗೂ ಆ ದಿನದ ನೆನಪಿರಲಿಲ್ಲ. ಆದಿನಾರಾಯಣಪ್ಪನವರಿಗೆ ಮರೆತಿರಲಿಲ್ಲ. ಹಾಡು ತಪ್ಪೋ, ತಾನಾಡಿದ ಮಾತು ತಪ್ಪೋ ತಿಳಿಯದೆ ಪಟದ ಮುಂದೆ ಹೇಗೆ ಕೂರುವುದು?

ದೀಪಾವಳಿ ಅಮಾವಾಸ್ಯೆ ಬಂತು. ವರ್ಷ ಕಳೆಯದ ಮನೆಯಾದ್ದರಿಂದ ಹಬ್ಬವಿರಲಿಲ್ಲ. ಚಿನ್ನಸ್ವಾಮಿ ಎರಡು ಹಳೆಯ ಲಕ್ಷಣಗ್ರಂಥಗಳನ್ನೂ ಹಾಳೆಗಟ್ಟಲೆ ಬರೆದ ಸ್ವರವನ್ನೂ ತಂದಿದ್ದರು.

"ಬೆಂಗಳೂರಿಗೂ ಹೋಗಿ ಕೇಳ್ಕೊಂಡು ಬಂದೆ. ನೋಡಿ, ಇದ್ರಲ್ಲಿ ಪಂಚಮವೇ ಇಲ್ಲ. ಮಧ್ಯಮ ಎರಡಿದೆ, ಶುದ್ಧವೂ ಇದೆ, ಪ್ರತಿಯೂ ಇದೆ, ಒಂದರ ಪಕ್ಕ ಒಂದು. ಎಪ್ಪತ್ತೆರಡು ಮೇಳ ಜಾಲಾಡಿದ್ರೂ ಇದಕ್ಕೆ ಮನೆ ಸಿಗಲ್ಲ." ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ ಆದಿನಾರಾಯಣಪ್ಪ. ಅಷ್ಟು ವರ್ಷ ಆ ಗಲಾಟೆಯಲ್ಲಿ ಕೂತೋರು. ಕಿವಿ ಮಂದವಾಗಿರುತ್ತೆ, ಸ್ವರ ಜಾರಿರುತ್ತೆ. ಇದು ರಾಗ ಅಲ್ಲ."

"ಅಪಸ್ವರ ಅಂತೀರಾ?"

"ಆ ಮಾತು ನಾನು ಆಡಲಿಲ್ಲ."

"ನಾನು ಆಡಿದ್ದೆ," ಎಂದರು ಆದಿನಾರಾಯಣಪ್ಪ. ಅದೇನೆಂದು ಇಬ್ಬರೂ ಕೇಳಲಿಲ್ಲ. ಆದಿನಾರಾಯಣಪ್ಪ ಚೀಟಿಯನ್ನು ಮಡಿಸಿ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರು. ಒಳಗಿನ ಗೂಡಿನಲ್ಲಿ ಚೌಡೇಶ್ವರಿಯ ಪಟದ ಮುಂದೆ ಉರಿಯುತ್ತಿದ್ದ ದೀಪವನ್ನು ನೋಡುತ್ತಾ ಕುಳಿತರು. ತಾಯೇ, ಅಂದು ನಾನಾಡಿದ್ದು ಸುಳ್ಳಾಗಿರಲಿ ಎಂದು ಒಂದು ತಿಂಗಳಿಂದ ಬೇಡಿಕೊಳ್ಳುತ್ತಿದ್ದರು. ಅದು ನಿಜವೇ ಆಗಿದ್ದರೆ ಇನ್ನು ಏನು ಬೇಡುವುದೆಂದು ತೋಚಲಿಲ್ಲ.

ತಿಥಿಗೆ ಮೂರು ದಿನವಿತ್ತು. ಬಾಳೆಯೆಲೆಗೆ ಯಾರಿಗೆ ಹೇಳಿದ್ದಾರೆಂದು ವಿಚಾರಿಸಲು ಕೊಂಡಪ್ಪ ಬಂದ. ಮನೆಯಲ್ಲಿ ಯಾರೂ ಕಾಣಲಿಲ್ಲ. ಹಿತ್ತಲ ಕೊಟ್ಟಿಗೆಗೆ ಹೋದ. ಮಗ ಸಂತೋಷ್ ನೂಲು ತರಲು ಹೋಗಿದ್ದರಿಂದ ಅಂದು ನಾಲ್ಕು ಮಗ್ಗವೂ ನಿಂತಿದ್ದವು. ಮೂಲೆಯ ಕಂಡಿಕೆ ಯಂತ್ರವೊಂದೇ ತಿರುಗುತ್ತಿತ್ತು. ಹೆಂಡತಿಯ ಮಣೆಯ ಮೇಲೆ ಆದಿನಾರಾಯಣಪ್ಪ ಬೆನ್ನು ಹಾಕಿ ಕುಳಿತಿದ್ದರು. ಕೈ ನೂಲಿನ ಮೇಲಿತ್ತು. ಬಾಯಲ್ಲಿ ಅದೇ ಎರಡು ಸಾಲು.

ಕೊಂಡಪ್ಪ ಬಾಗಿಲಲ್ಲೇ ನಿಂತ. ಹುಡುಗನಾಗಿದ್ದಾಗ ಅವನು ಗುರುಗಳ ಪಕ್ಕದಲ್ಲಿ ಹನ್ನೆರಡು ವರ್ಷ ಬರೀ ಶ್ರುತಿ ಊದಿದವನು. ಗುರುಗಳು ಎಷ್ಟೇ ರಾಗ ಬಿಡಿಸಲಿ, ಇವನಿಗೆ ಒಂದೇ ಸ್ವರ. ಅವನ ಕಿವಿ ಮೊದಲು ಹೋಗುತ್ತಿದ್ದುದು ಹಾಡಿಗಲ್ಲ, ಹಾಡಿನ ಕೆಳಗಿನ ನೆಲಕ್ಕೆ.

ಆದಿನಾರಾಯಣಪ್ಪ ಯಾರೋ ನಿಂತದ್ದನ್ನು ಅರಿತು ತಿರುಗಿದರು.

"ನಿಲ್ಲಿಸ್ಬೇಡಣ್ಣ! ಹಾಡು, ಹಾಡು!"

"ಏನಪ್ಪಾ ನೀನು, ಹೆದರಿಸಿಬಿಟ್ಟೆ."

"ಇನ್ನೊಂದ್ಸಲ ಹಾಡು. ನಿನ್ನ ಕಾಲಿಗೆ ಬೀಳ್ತೀನಿ."

ಅವರು ಹಾಡಿದರು. ಕೊಂಡಪ್ಪ ಯಂತ್ರದ ಮೋಟರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಗುಂ ಎಂಬ ಅದರ ದನಿ ಎಡೆಬಿಡದೆ ಬರುತ್ತಿತ್ತು. ಮೂವತ್ತು ವರ್ಷ ಆ ಮನೆಯವರು ಅದನ್ನು ಸದ್ದೆಂದುಕೊಂಡಿದ್ದರು.

"ಅಣ್ಣ, ನಿನ್ನ ಪೆಟ್ಟಿಗೇಲಿ ಈ ಹಾಡು ಎತ್ತೋ ಸ್ವರಕ್ಕೇ ಷಡ್ಜ ಇಟ್ಟೆ. ಅಲ್ಲೇ ನಾವು ಮೂರು ಜನಾನೂ ಕೆಟ್ವಿ. ಷಡ್ಜ ತಪ್ಪಿದ್ರೆ ಉಳಿದ ಸ್ವರದ ಲೆಕ್ಕ ಎಲ್ಲಾ ತಪ್ಪುತ್ತೆ. ಇದು ಎತ್ತೋದು ಗಾಂಧಾರದಲ್ಲಿ. ಷಡ್ಜ ಇಲ್ಲಿದೆ ನೋಡು." ಅವನು ಮೋಟರನ್ನು ತಟ್ಟಿದ. "ಅತ್ಗೆಮ್ಮ ಷಡ್ಜ ಹಿಡ್ಕೊಂಡೇ ಕೂತಿರ್ತಿದ್ರು. ನಮಗೆ ಅದು ಕೇಳಿಸ್ಲಿಲ್ಲ. ನಾವು ಸೇರ್ತಿದ್ದದ್ದು ಮೋಟರ್ ನಿಲ್ಸಿದ ದಿನ."

ಆದಿನಾರಾಯಣಪ್ಪನವರ ಕೈಯಲ್ಲಿ ನೂಲು ಹರಿಯಿತು.

"ಅದಕ್ಕೇ ಕರೆಂಟ್ ಹೋದ್ರೆ..."

"ಶ್ರುತಿ ನಿಂತ್ಮೇಲೆ ಯಾರಣ್ಣ ಹಾಡ್ತಾರೆ? ಬಲ್ಲೋರು ಹಾಡಲ್ಲ." ಕೊಂಡಪ್ಪ ಉಬ್ಬಸದಲ್ಲೇ ನಕ್ಕ. "ಚಿನ್ನಸ್ವಾಮಿಗಳು ಬೆಂಗಳೂರಿಗೆ ಬಸ್ಸಲ್ಲಿ ಹೋಗಿ ಹುಡುಕಿದ್ರಲ್ಲ, ಅದೇನು ಅಪರೂಪದ ರಾಗ ಅಂದ್ಕೊಂಡೆ? ಯದುಕುಲಕಾಂಭೋಜಿ. ತೊಟ್ಲು ತೂಗೋವಾಗ ಹಾಡ್ತಾರಲ್ಲ, ಅದೇ. ನಮ್ಮಮ್ಮಂಗೂ ಗೊತ್ತಿತ್ತು."

ಆದಿನಾರಾಯಣಪ್ಪ ಯಂತ್ರವನ್ನು ನಿಲ್ಲಿಸಲಿಲ್ಲ. ಹರಿದ ಎಳೆಯನ್ನು ಹುಡುಕಿ ಗಂಟು ಹಾಕಲು ನೋಡಿದರು. ಕಾಫಿ ತಂದ ಆ ದಿನ ಕಣ್ಣಿಗೆ ಬಂತು. ಆಕೆ ಬಾಯಲ್ಲಿ ಕೊಟ್ಟಿಗೆಯ ಶ್ರುತಿಯನ್ನೇ ಇಟ್ಟುಕೊಂಡು ನಡುಮನೆಗೆ ಬಂದಿದ್ದರು. ತಾವು ಪೆಟ್ಟಿಗೆಯ ಶ್ರುತಿಗೆ ಅದನ್ನು ಒರೆ ಹಚ್ಚಿದ್ದರು. ಆಕೆಯ ಹಾಡಿನಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಕೊಂಡಪ್ಪ, ಅವತ್ತು ಅವಳನ್ನ ಅಪಸ್ವರ ಅಂದುಬಿಟ್ಟಿದ್ದೆ ಕಣೋ. ನಿಮ್ಮಿಬ್ಬರ ಎದುರಿಗೇ."

ಕೊಂಡಪ್ಪ ಪಕ್ಕದಲ್ಲಿ ನೆಲಕ್ಕೆ ಕೂತು, ಆ ಎಳೆಯನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಗಂಟು ಹಾಕಿದ. "ಚೀಟಿ ತಾ ಅಣ್ಣ. ಕೆಳಗೆ ನನ್ನ ಹೆಸ್ರು ಬರೀಬೇಡ. ಹೇಳಿದ್ದು ನಾನಲ್ಲ, ಅತ್ಗೆಮ್ಮ."

ದಶಮಿಯ ದಿನ ಬ್ರಾಹ್ಮಣರು ಉಂಡು ಹೋದ ಮೇಲೆ, ರುಕ್ಮಿಣಮ್ಮನ ಪಟವನ್ನು ನಡುಮನೆಯಿಂದ ಕೊಟ್ಟಿಗೆಗೆ ತಂದು ಕಂಡಿಕೆ ಯಂತ್ರದ ಮುಂದೆ ಇಟ್ಟು, ಯಂತ್ರವನ್ನು ಶುರು ಮಾಡಿದರು. ಕೊಂಡಪ್ಪನಿಂದ ವಿಷಯ ತಿಳಿದಿದ್ದ ಚಿನ್ನಸ್ವಾಮಿ ಪಿಟೀಲನ್ನು ತೊಡೆಯ ಮೇಲಿಟ್ಟು ಮೋಟರಿನ ಕಡೆ ಕಿವಿ ಕೊಟ್ಟರು. ತಂತಿಯನ್ನು ಸಡಿಲಿಸಿದರು, ಮತ್ತೆ ಸಡಿಲಿಸಿದರು. ತಮ್ಮ ಇಡೀ ಜೀವಮಾನದಲ್ಲಿ ಅಷ್ಟು ಕೆಳಗಿಳಿದು ಶ್ರುತಿ ಕೂಡಿಸಿದ್ದಿಲ್ಲ ಎಂದರು. ಕೂಡಿದಾಗ ಕಮಾನು ಕೆಳಗಿಟ್ಟು ಪಟಕ್ಕೆ ಕೈಮುಗಿದರು.

"ತಪ್ಪಾಯ್ತು ತಾಯಿ," ಎಂದರು, ಯಾರ ಮುಖವನ್ನೂ ನೋಡದೆ. ಆದಿನಾರಾಯಣಪ್ಪ ಆಡಬೇಕೆಂದಿದ್ದ ಮಾತೂ ಅದೇ ಆಗಿತ್ತು.

ಆದಿನಾರಾಯಣಪ್ಪ ಗಾಂಧಾರದಲ್ಲಿ ಎತ್ತಿದರು. ಪಿಟೀಲು ಹಿಂದೆ ಬಂತು. ಒಂದು ಸಾಲು ಮುಗಿಯಿತು. ಎರಡನೆಯದು ಇನ್ನೂ ಅರ್ಧದಲ್ಲಿದ್ದಾಗ ಕರೆಂಟು ಹೋಯಿತು.

ಮೋಟರು ಮೆಲ್ಲಗೆ ಇಳಿದು ನಿಂತಿತು. ಬೀದಿಯ ಮಗ್ಗಗಳೂ ಒಂದೊಂದಾಗಿ ಸುಮ್ಮನಾದವು. ಚಿನ್ನಸ್ವಾಮಿ ರೂಢಿಯಂತೆ ಕಮಾನು ಎಳೆಯಲು ಹೋದವರು ಆದಿನಾರಾಯಣಪ್ಪನವರ ಮುಖ ನೋಡಿ ಕೈ ತಡೆದರು. ಆದಿನಾರಾಯಣಪ್ಪ ಬಾಯಿ ಮುಚ್ಚಿ, ಕೈಕಟ್ಟಿ, ಮಣೆಯ ಮೇಲೆ ನೆಟ್ಟಗೆ ಕುಳಿತಿದ್ದರು.

"ಬರಲಿ, ಕಾಯೋಣ," ಎಂದರು.

ಯಾರೂ ಏಳಲಿಲ್ಲ.