ವ್ಯತ್ಯಾಸ ಸೊನ್ನೆ

"ಹೊರಗೆ ಕೂತಿರೋ ಆಯಮ್ಮನ ಮಗೂನ ದಾಖಲೆ ಹೊಸದರಲ್ಲೂ ಇಲ್ಲ, ನಿನ್ನ ವರದೀಲೂ ಇಲ್ಲ ಕಣೆ," ಎನ್ನುತ್ತ ದಾಖಲೆ ಕಿಟಕಿಯ ನಾರ್ಸಿಸಾ ಒಳಗೆ ಬಂದಳು. "ಆಯಮ್ಮ ಮಾತ್ರ ಬೆಂಚು ಬಿಟ್ಟು ಏಳ್ತಿಲ್ಲ. ನಬೋನ್‌ನಿಂದ ಮೊದಲನೇ ಬಸ್ಸಿಗೆ ಬಂದಿದಾಳಂತೆ."

ಪಿಯೆದಾದ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕ್ವೆಂಕಾ ನಗರದ ಆ ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಇಪ್ಪತ್ತಾರು ವರ್ಷ ಕಳೆದಿತ್ತು. ಮೂರು ತಿಂಗಳಿಂದ ಹಳೆಯ ದಾಖಲೆಗಳೆಲ್ಲ ಹೊಸ ವ್ಯವಸ್ಥೆಗೆ ಹೋಗುತ್ತಿದ್ದವು. ಹಳೆಯದನ್ನೂ ಹೊಸದನ್ನೂ ಸಾಲಿಗೆ ಸಾಲು ಹೋಲಿಸುವ ತಂತ್ರಾಂಶವೊಂದು ದಿನಾ ವರದಿ ಕೊಡುತ್ತಿತ್ತು. ಅದರದೇ ನಮೂನೆಯಲ್ಲಿ ಬಿಟ್ಟರೆ ಇನ್ನೂರು ಪುಟ. ತನ್ನದೇ ಒಂದು ನಮೂನೆ ಬರೆದು, ಅದನ್ನು ಕತ್ತರಿಸಿ, ಒಪ್ಪ ಮಾಡಿ, ಒಂದೇ ಪುಟಕ್ಕೆ ಇಳಿಸಿದವಳು ಪಿಯೆದಾದ್. ಆ ಪುಟದ ಕೊನೆಯಲ್ಲಿ ಈಗ 'ವ್ಯತ್ಯಾಸ: ಸೊನ್ನೆ' ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಅವಳ ಹೆಸರು. ನಾಳೆ ಆಡಳಿತಾಧಿಕಾರಿ ಅದಕ್ಕೆ ಸಹಿ ಹಾಕಿದರೆ ಹಳೆಯದನ್ನು ಅಳಿಸಿಬಿಡುವುದು.

ಅವಳು ಎದ್ದು ಕಿಟಕಿಗೆ ಹೋದಳು. ಬೆಂಚಿನ ಮೇಲೆ, ಬಿಳಿಯ ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಎಲ್ವೀರಾ ಲಾಲ್ವಾಯ್.

"ಮಗೂನ ಹೆಸರೇನಮ್ಮ?"

"ಇಟ್ಟಿರಲಿಲ್ಲ ತಾಯಿ. ಅದು ಉಸಿರೇ ಆಡ್ಲಿಲ್ಲ. ಇಲ್ಲೇ, ಮೇಲಿನ ಮಹಡೀಲಿ. ಎರಡು ಸಾವಿರದ ಒಂದು, ಮಾರ್ಚ್."

"ಇಷ್ಟು ವರ್ಷ ಆದ್ಮೇಲೆ ಕಾಗದ ಯಾಕೆ ಬೇಕಾಯ್ತು?"

"ನಮ್ಮೂರಲ್ಲಿ ರಸ್ತೆ ಅಗಲ ಮಾಡ್ತಾರೆ. ಸ್ಮಶಾನ ಗುಡ್ಡದ ಮೇಲಕ್ಕೆ ಹೋಗುತ್ತೆ. ಕಾಗದ ಇದ್ದೋರನ್ನ ಮಾತ್ರ ತೆಗೆದು ಮೇಲಿಡ್ತಾರಂತೆ." ಆಕೆ ಹ್ಯಾಟಿನ ಅಂಚನ್ನು ಒಂದು ಸುತ್ತು ತಿರುಗಿಸಿದಳು. "ಉಳಿದೋರ ಮೇಲೆ ಶನಿವಾರ ಯಂತ್ರ ಹರಿಯುತ್ತೆ."

ಪಿಯೆದಾದ್ ವರದಿಯನ್ನು ಬದಿಗಿಟ್ಟು ನೇರವಾಗಿ ಹಳೆಯ ದಾಖಲೆಯಲ್ಲೇ ಹುಡುಕಿದಳು. ಸಿಕ್ಕಿತು. ತಾರೀಖು, ಗಂಟೆ, ತೂಕ, ತಾಯಿಯ ಹೆಸರು. ಮಗುವಿನ ಹೆಸರಿನ ಜಾಗ ಖಾಲಿ. ಹೆಸರಿಲ್ಲದ ಸಾಲನ್ನು ಹೊಸ ವ್ಯವಸ್ಥೆ ಒಳಗೇ ಬಿಟ್ಟುಕೊಂಡಿರಲಿಲ್ಲ. ಹಾಗಾದರೆ ವ್ಯತ್ಯಾಸ ಸೊನ್ನೆ ಹೇಗಾಯಿತು?

ನಮೂನೆಯನ್ನು ತೆರೆದಳು. ಅವಳೇ ಬರೆದ ಷರತ್ತು ಅಲ್ಲಿತ್ತು: ಹೆಸರಿಲ್ಲದವನ್ನು ತೋರಿಸಬೇಡ. ಮೊದಲ ವಾರದ ವರದಿಗಳಲ್ಲಿ, ಯಾರೋ ಅರ್ಧ ತುಂಬಿ ಬಿಟ್ಟ ಸಾಲುಗಳು ಬೇಕಾದಷ್ಟಿದ್ದವು. ವಿಭಾಗದಲ್ಲಿ ಅವನ್ನು ಹೊಟ್ಟು ಎನ್ನುತ್ತಿದ್ದರು. ಒಂದು ಮಧ್ಯಾಹ್ನ, ಬೇಯಿಸಿದ ಜೋಳ ತಿನ್ನುತ್ತ, ಆ ಷರತ್ತು ಬರೆದು ಹೊಟ್ಟನ್ನು ತೂರಿಬಿಟ್ಟಿದ್ದಳು. ಅಡುಗೆಮನೆ ಗುಡಿಸಿ ಮುಗಿಸಿದಂಥ ಸಮಾಧಾನ ಅವತ್ತು ಆಗಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಷರತ್ತನ್ನು ಅಳಿಸಿ ಮತ್ತೆ ಹೋಲಿಸಿದಳು. ಅರೆಬರೆ ಸಾಲುಗಳನ್ನು ಒಂದೊಂದಾಗಿ ನೋಡಿ ತೆಗೆದ ಮೇಲೂ ನಾನೂರ ಹನ್ನೆರಡು ಉಳಿದವು.

ಅವಳು ಕರೆದಾಗ ಬಂದ ಆಡಳಿತಾಧಿಕಾರಿ ಡಾಕ್ಟರ್ ವಿಂತಿಮಿಯಾ ಪರದೆಯನ್ನು ನಿಂತೇ ಓದಿದರು.

"ಏನ್ ಇಂಜಿನಿಯರಮ್ಮಾ, ನಿನ್ನೆ ಒಂದು ಪುಟ ಇದ್ದಿದ್ದು ಇವತ್ತು ಹದಿನೇಳು? ರಾತ್ರಿ ಮರಿ ಹಾಕ್ತಾ?"

"ತಪ್ಪು ನಂದೇ ಡಾಕ್ಟ್ರೇ. ಇವನ್ನ ಮುಚ್ಚಿಟ್ಟಿದ್ದು ನನ್ನ ನಮೂನೆ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಅವರ ದನಿ ತಗ್ಗಿತು. "ಅದೇ ನಮೂನೇನ ಇನ್ನೆರಡು ಆಸ್ಪತ್ರೆಗೆ ಕೊಟ್ಟಿದೀವಿ. ಅವರು ಹಳೇದನ್ನ ಅಳಿಸಿಯೂ ಆಯ್ತು. ಗೊತ್ತಲ್ಲ?"

"ಗೊತ್ತು."

"ಹೊರಗಿರೋ ಆಯಮ್ಮನಿಗೆ ನಾನೇ ಪತ್ರ ಬರ್ಕೊಡ್ತೀನಿ. ನೀವು ಆ ನಮೂನೇನ ಮೊದಲಿದ್ದ ಹಾಗೇ ಮಾಡ್ಬಿಡಿ. ನಿವೃತ್ತಿಗೆ ನಾಲ್ಕು ವರ್ಷ ಇರೋವಾಗ ಇದೆಲ್ಲ ಯಾಕೆ ಮೈಮೇಲೆ ಎಳ್ಕೋತೀರಿ?"

ಅವರು ಕೆಟ್ಟವರಲ್ಲ. ಪತ್ರ ಬರೆದುಕೊಡುತ್ತೇನೆಂದರೆ ಬರೆದುಕೊಡುವವರೇ. ಪಿಯೆದಾದ್ ಪರದೆ ನೋಡಿದಳು. ಬೆಂಚಿಗೆ ಬಂದು ಕೂತವಳು ಒಬ್ಬಳು. ಉಳಿದವರು ಇನ್ನೂ ಬಂದಿರಲಿಲ್ಲ.

"ನಾಳೆ ಸಹಿ ಹಾಕ್ಬೇಡಿ ಡಾಕ್ಟ್ರೇ. ಇವೂ ಹೊಸದಕ್ಕೆ ಹೋಗೋ ತನಕ ಅಳಿಸೋದು ಬೇಡ."

"ಆಮೇಲೆ ಎಲ್ಲರೂ ನಿಮ್ಮನ್ನೇ ಕೇಳ್ತಾರೆ."

"ಕೇಳ್ಲಿ."

"ಆ ಎರಡು ಆಸ್ಪತ್ರೆಯವರಿಗೆ ಏನಂತ ಹೇಳ್ತೀರಿ?"

ಅವಳು ಆ ಎರಡು ಆಸ್ಪತ್ರೆಗಳ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡಳು. ಡಾಕ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದು ಹೋದರು.

ಮುದ್ರಿಸಲು ಹೋದಾಗ ಇನ್ನೊಂದು ತಪ್ಪು ಕಂಡಿತು. ಕಾಲಮ್ಮಿನಲ್ಲಿ ಏನೂ ಇಲ್ಲದಿದ್ದರೆ ನಮೂನೆ ಅದನ್ನು ತಾನಾಗಿಯೇ ಮುಚ್ಚಿಬಿಡುತ್ತಿತ್ತು. ನಡುವಿನ ಹೆಸರಿನ ಜಾಗ ಮಾಯವಾಗಿ, ಹುಟ್ಟಿದ ಗಂಟೆಯ ಪಕ್ಕದಲ್ಲೇ ತೂಕ ಬಂದು ಅಂಟಿಕೊಂಡಿತ್ತು. ಪಿಯೆದಾದ್ ಹೆಸರಿನ ಕಾಲಮ್ಮಿಗೆ ನಾಲ್ಕು ಸೆಂಟಿಮೀಟರ್ ಅಗಲ ಕೊಟ್ಟು, ಖಾಲಿಯಿದ್ದರೂ ಹಾಗೇ ಇರಲಿ ಎಂದು ಗುರುತು ಹಾಕಿದಳು.

ಎಲ್ವೀರಾಳ ಮಗುವಿನ ಸಾಲಿದ್ದ ಪುಟದ ಒಂದು ಪ್ರತಿಗೆ ನಾರ್ಸಿಸಾ ಮೊಹರು ಒತ್ತಿಕೊಟ್ಟಳು. ಎಲ್ವೀರಾ ಕಾಗದದ ಮೇಲೆ ಬೆರಳು ಸರಿಸುತ್ತ ಬಂದು ಖಾಲಿ ಜಾಗದ ಮೇಲೆ ನಿಲ್ಲಿಸಿದಳು.

"ಇಲ್ಲಿ ಏನು ಬರಬೇಕಿತ್ತು?"

"ಹೆಸರು."

"ಮಗೂನ ಅಪ್ಪ ಒಂದು ಹೆಸರು ಅಂದ್ಕೊಂಡಿದ್ರು. ಯಾರೂ ಕೇಳ್ಲಿಲ್ಲ."

ಈಗ ಕೇಳಬಹುದಿತ್ತು. ಪಿಯೆದಾದ್ ಬಾಯಿ ತೆರೆಯುವಷ್ಟರಲ್ಲಿ ಆಕೆ ಕಾಗದವನ್ನು, ಆ ಜಾಗದ ಮೇಲೆ ಮಡಿಕೆ ಬೀಳದಂತೆ ಮಡಿಸಿ, ಶಾಲಿನೊಳಗೆ ಸೇರಿಸಿಕೊಂಡಿದ್ದಳು.

ಪಿಯೆದಾದ್ ಒಳಗೆ ಬಂದು ಮೊದಲನೆಯ ಆಸ್ಪತ್ರೆಗೆ ಫೋನು ಮಾಡಿದಳು. ಆ ಕಡೆ ಫೋನು ರಿಂಗಾಗುತ್ತಿರುವಾಗ ಹದಿನೇಳು ಪುಟಗಳನ್ನೂ ಒಟ್ಟು ಮಾಡಿ, ಮೇಜಿಗೆ ತಟ್ಟಿ ಅಂಚು ಸಮ ಮಾಡಿದಳು. ಹೆಸರಿಗೆಂದು ಬಿಟ್ಟ ಬಿಳಿಯ ಪಟ್ಟಿಗಳು ಒಂದರ ಮೇಲೊಂದು ಸರಿಯಾಗಿ ಕೂತವು.