ಮೂರು ದಿನದ ಬಿಡುವು

ಆ ವಠಾರದ ನಡುವೆ ಒಂದು ಬಾವಿಯಿತ್ತು. ಎಷ್ಟು ಎಣ್ಣೆ ಬಿಟ್ಟರೂ ಅದರ ರಾಟೆ ಕಿರುಗುಟ್ಟುವುದನ್ನು ನಿಲ್ಲಿಸುತ್ತಿರಲಿಲ್ಲ. ಸಾಲಾಗಿ ನಾಲ್ಕು ಮನೆ, ಒಂದೇ ಹೆಂಚಿನ ಸೂರು. ಮೊದಲನೆಯದರಲ್ಲಿ ಸೋದರತ್ತೆ ಚೆಲುವಮ್ಮ ಮತ್ತು ನಾನು. ಉಳಿದ ಮೂರರಲ್ಲಿ ಬಾಡಿಗೆಯವರು. ಹಗ್ಗ ಎಳೆಯುವ ರೀತಿಯಿಂದಲೇ ಯಾವ ಮನೆಯವರು ನೀರು ಸೇದುತ್ತಿದ್ದಾರೆಂದು ಒಳಗೆ ಕುಳಿತೇ ಹೇಳಬಲ್ಲವನಾಗಿದ್ದೆ. ಅತ್ತೆಯ ಗಂಡ ಬದುಕಿರುವವರೆಗೆ ದಿನವೂ ಸಂಜೆ ದೇವರ ಮುಂದೆ ಕಾವ್ಯ ಓದುತ್ತಿದ್ದರು. ಕಂಬಕ್ಕೊರಗಿ ಅದನ್ನು ಕೇಳುತ್ತ ಬೆಳೆದವನು ನಾನು. ಮಾತು ಕಡಿಮೆ. ಕಿವಿಯ ಮೇಲೆ ಮಾತ್ರ ನಂಬಿಕೆಯಿತ್ತು. ಸ್ವಲ್ಪ ಜಂಬವೂ ಇತ್ತೆನ್ನಬೇಕು.

ಅತ್ತೆಗೆ ಮಂಡಿ ನೋವು ಹೆಚ್ಚಾಗಿ, ಕಿವಿಯೂ ಮಂದವಾದ ವರ್ಷ ವಠಾರದ ಉಸ್ತುವಾರಿ ನನ್ನ ಪಾಲಿಗೆ ಬಂತು. ಅವಳು ಒಂದೇ ದಿನ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಅವರೆಕಾಳು ಸುಲಿಯುವಾಗ ಒಂದು, ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಇನ್ನೊಂದು.

"ಸೂರು ಎಲ್ಲಿ ಸೋರುತ್ತೆ ಅಂತ ಗಂಡಸರನ್ನ ಕೇಳಬೇಡ. ಅಡುಗೆಮನೇಲಿ ಇರೋರನ್ನ ಕೇಳು."

"ಮನೆ ತೋರಿಸೋದಾದರೆ ಹಗಲು ಹೊತ್ತಲ್ಲಿ ತೋರಿಸು. ಬಿರುಕು ಇದ್ದರೆ ನೀನೇ ಬೆರಳಿಟ್ಟು ತೋರಿಸು. ಅವರಾಗಿ ಕಂಡುಕೊಂಡರೆ ನೀನು ಮುಚ್ಚಿಟ್ಟ ಹಾಗಾಗುತ್ತೆ."

"ಗೋಡೆ ನಮ್ಮದು ಅಂತ ಒಳಗೆ ನುಗ್ಗಬೇಡ. ಹೊರಗೆ ನಿಂತು ಕೂಗು. ಬನ್ನಿ ಅಂದರೆ ಹೋಗು."

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಇದು: "ಒಬ್ಬರು ಹೋಗಿ ಇನ್ನೊಬ್ಬರು ಬರೋದರ ಮಧ್ಯೆ ಮನೆಗೆ ಮೂರು ದಿನ ಬಿಡುವು ಕೊಡು. ಸುಣ್ಣ ಹೊಡಿ, ಕಿಟಕಿ ತೆಗೆದಿಡು. ಹೋಗೋರ ದಿನವೂ ಬರೋರ ದಿನವೂ ಒಂದೇ ಆಗಕೂಡದು."

ಆಗಕೂಡದು ಎಂದದ್ದನ್ನೇ ನಾನು ಆಗಿಸಿದೆ.

ನಾಲ್ಕನೆಯ ಮನೆಯಲ್ಲಿದ್ದ ಅಚ್ಯುತಯ್ಯನವರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಅಚ್ಚುಕೂಟ ಊರಿನ ಇನ್ನೊಂದು ತುದಿಗೆ ಹೋದದ್ದರಿಂದ ಅವರೂ ಅಲ್ಲೇ ಮನೆ ನೋಡಿಕೊಂಡರು. ಅದೇ ವಾರ ಡ್ರಾಯಿಂಗ್ ಮೇಷ್ಟ್ರು ತಿರುಮಲಯ್ಯ ಮನೆ ಕೇಳಿಕೊಂಡು ಬಂದರು. ಆಷಾಢ ಹತ್ತಿರವಾಗಿತ್ತು. ಆಷಾಢದಲ್ಲಿ ಯಾರೂ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ. ಈಗ ಬಿಟ್ಟರೆ ಶ್ರಾವಣದವರೆಗೂ ಮನೆ ಖಾಲಿ. ಜ್ಯೇಷ್ಠದಲ್ಲಿ ಉಳಿದಿದ್ದ ಒಳ್ಳೆಯ ದಿನ ಒಂದೇ, ಗುರುವಾರ. ಅಚ್ಯುತಯ್ಯನವರು ಬೆಳಿಗ್ಗೆ ಏಳಕ್ಕೆ ಬಿಡುವುದು, ಮೇಷ್ಟ್ರು ಹತ್ತರೊಳಗೆ ಹಾಲು ಉಕ್ಕಿಸುವುದು ಎಂದು ಇಬ್ಬರಿಗೂ ಮಾತು ಕೊಟ್ಟೆ. ಅತ್ತೆಗೆ ಹೇಳಿದಾಗ ಅವಳು ಒಂದೇ ಪ್ರಶ್ನೆ ಕೇಳಿದಳು.

"ಅವರ ಮಗಳು ಮಾಲತಿ ಬಸುರಿ, ತೌರಿಗೆ ಬಂದಿದಾಳಲ್ಲೋ?"

"ಇನ್ನೂ ಒಂದು ತಿಂಗಳಿದೆಯಂತೆ ಅತ್ತೆ. ಹೊಸ ಮನೇಲೇ ಬಾಣಂತನ ಅಂತ ಅಚ್ಯುತಯ್ಯನವರೇ ಹೇಳಿದ್ರು."

"ಕಾವೇರಮ್ಮನ್ನ ಕೇಳಿದೆಯಾ?"

ಅಚ್ಯುತಯ್ಯನವರ ಹೆಂಡತಿಯನ್ನು ನಾನು ಕೇಳಿರಲಿಲ್ಲ. ಹೂಂ ಎಂದುಬಿಟ್ಟೆ.

ಗುರುವಾರ ಬೆಳಕು ಹರಿಯುವ ಮೊದಲೇ ರಾಟೆ ಕಿರುಗುಟ್ಟಿತು. ಒಂದಾದ ಮೇಲೊಂದು ಕೊಡ, ಬಿಡುವಿಲ್ಲದೆ. ನಾಲ್ಕನೆಯ ಮನೆಯ ಕಡೆಯಿಂದ ಪಾತ್ರೆಗಳ ಸದ್ದು, ಅವಸರದ ಹೆಜ್ಜೆಗಳು, ಬಾಗಿಲು ತೆಗೆಯುವುದು, ಮುಚ್ಚುವುದು. ಹಾಸಿಗೆಯಲ್ಲೇ ಮಲಗಿ ಎಲ್ಲವನ್ನೂ ಕೇಳಿಸಿಕೊಂಡೆ. ಸಾಮಾನು ಕಟ್ಟುತ್ತಿದ್ದಾರೆ, ಬಿಟ್ಟುಹೋಗುವ ಮನೆಯನ್ನು ತೊಳೆದುಕೊಡುತ್ತಿದ್ದಾರೆ, ಎಂಥ ಒಳ್ಳೆಯ ಜನ ಎಂದುಕೊಂಡೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅತ್ತೆ, "ಹೊರಡ್ತಿದಾರೇನೋ?" ಎಂದಳು. "ಆಗಲೇ ತೊಳೀತಿದಾರೆ" ಎಂದೆ.

ಏಳು ದಾಟಿದರೂ ಅವರು ಹೊರಡದಿದ್ದಾಗ, ಇನ್ನೇನು ತೊಳೆದು ಮುಗಿಸುತ್ತಾರೆ ಎಂದುಕೊಂಡೆ. ಎಂಟಕ್ಕೆ ಮೇಷ್ಟ್ರ ಎತ್ತಿನ ಗಾಡಿ ಬಂತು. ಮಂಚ, ಟ್ರಂಕು, ಸುತ್ತಿದ ಹಾಸಿಗೆ. ಇವುಗಳ ನಡುವೆ ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರ ತಾಯಿ ನರಸಮ್ಮ. ಹೆಂಡತಿ ಯಶೋದಮ್ಮ ಹಾಲಿನ ತಂಬಿಗೆ ಹಿಡಿದು ಗಾಡಿಯ ಹಿಂದೆ ನಡೆದುಬಂದಿದ್ದಳು. ನಾನು ಮುಂದೆ ಹೋಗಿ ನಾಲ್ಕನೆಯ ಮನೆಯ ಎದುರು ನಿಂತು ಕೂಗಿದೆ. ಬಾಗಿಲು ತೆರೆದದ್ದು ಸೂಲಗಿತ್ತಿ. ತೋಳಿನವರೆಗೂ ಒದ್ದೆಯಾಗಿದ್ದಳು.

"ಗಂಡು ಮಗು ಸ್ವಾಮಿ. ಕೂಗಬೇಡಿ, ತಾಯಿಗೆ ಈಗಷ್ಟೇ ನಿದ್ದೆ ಹತ್ತಿದೆ."

ಹೆತ್ತ ಮನೆಗೆ ಹತ್ತು ದಿನ ಪುರುಡು, ಹೆರಿಗೆಯ ಮೈಲಿಗೆ. ಆ ಒಲೆಯ ಮೇಲೆ ಬೇರೆಯವರು ಹಾಲು ಉಕ್ಕಿಸುವಂತಿಲ್ಲ. ಪುರುಡಿನಲ್ಲಿರುವ ಅಚ್ಯುತಯ್ಯನವರೂ ತಮ್ಮ ಹೊಸ ಮನೆಯಲ್ಲಿ ಹಾಲು ಉಕ್ಕಿಸುವಂತಿಲ್ಲ. ಅದು ಮುಗಿಯುವಷ್ಟರಲ್ಲಿ ಆಷಾಢ. ಮೇಷ್ಟ್ರು ಬಿಟ್ಟುಬಂದ ಮನೆಯಲ್ಲಿ ಆಗಲೇ ಬೇರೆಯವರು ಒಲೆ ಹೂಡಿದ್ದರು.

ನರಸಮ್ಮ ಗಾಡಿಯ ಮೇಲಿಂದಲೇ ಹೇಳಿದರು: "ಬಾಡಿಗೆ ಮನೆ ಅಂತ ಕರೆದು ಬಾಣಂತಿ ಮನೆ ತೋರಿಸ್ತಿದೀಯಲ್ಲಪ್ಪಾ. ನಮ್ಮ ದೇವರನ್ನ ನಿನ್ನ ಬಾವಿಕಟ್ಟೆ ಮೇಲೆ ಕೂರಿಸಲಾ?"

"ಅಮ್ಮಾ, ಸುಮ್ಮನಿರು" ಎಂದರು ಮೇಷ್ಟ್ರು.

"ನಾನು ಸುಮ್ಮನಿದ್ದರೆ ಹತ್ತು ಗಂಟೆ ಸುಮ್ಮನಿರುತ್ತೇನೋ?"

ಗಾಡಿಯವನು ನೊಗದ ಮೇಲೆ ಕೈಯಿಟ್ಟು, "ಎಲ್ಲಿ ಇಳಿಸಲಿ ಹೇಳಿಬಿಡಿ ಸ್ವಾಮಿ, ಎತ್ತು ನಿಂತಲ್ಲೇ ಬೇರು ಬಿಡ್ತವೆ" ಎಂದ.

ಅಚ್ಯುತಯ್ಯನವರು ಹೊರಗೆ ಬಂದರು. ಎರಡು ಕೈಯನ್ನೂ ಜೋಡಿಸಿದ್ದರು. "ತಪ್ಪು ನಮ್ಮದು. ಎಂಟು ತಿಂಗಳಿಗೇ ಆಗಿಬಿಡ್ತು. ಮಾತು ಕೊಟ್ಟಾಗಿದೆ, ಮಗೂನ ಶಾಲಲ್ಲಿ ಸುತ್ತಿಕೊಂಡು ಹೇಗೋ ಛತ್ರಕ್ಕೆ ಹೋಗ್ತೀವಿ" ಎಂದರು. ಹೇಳುವಾಗ ಅವರು ನನ್ನನ್ನು ನೋಡಲಿಲ್ಲ. ನಾನು ಹೂಂ ಎಂದಿದ್ದರೆ ಹೋಗಿಯೇಬಿಡುತ್ತಿದ್ದರು. ಆ ಕ್ಷಣದಲ್ಲಿ ಹೂಂ ಎನ್ನುವ ಮನಸ್ಸು ನನಗೆ ಬಂದಿತ್ತು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಳು. ಏನಾಯಿತೆಂದು ಅವಳ ಕಿವಿಯ ಹತ್ತಿರ ಹೇಳಬೇಕಾಯಿತು. ಕೇಳಿಸಿಕೊಂಡು ಮೊದಲು ಅಚ್ಯುತಯ್ಯನವರ ಕಡೆ ತಿರುಗಿದಳು.

"ಹಸಿ ಮೈ ಬಾಣಂತೀನ ಗಾಳಿಗೆ ಒಯ್ತೀರಾ? ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಶ್ರಾವಣ ಬರಲಿ, ನೋಡೋಣ."

ಆಮೇಲೆ ಗಾಡಿಯ ಕಡೆ. "ನರಸಮ್ಮನೋರೇ, ಕೆಳಗಿಳೀರಿ. ಹತ್ತು ಹೊಡೆಯೋದಕ್ಕೆ ಮುಂಚೆ ಹಾಲನ್ನ ನನ್ನ ಒಲೆ ಮೇಲೆ ಉಕ್ಕಿಸಿ."

ನಾನು ಬೆಚ್ಚಿದೆ. ಅತ್ತೆಯ ಅಡುಗೆಮನೆಗೆ ನಾನೇ ಸ್ನಾನ ಮಾಡದೆ ಕಾಲಿಡುವಂತಿರಲಿಲ್ಲ. ಬೇರೆಯವರು ಇಣುಕಿದ್ದನ್ನೇ ಕಂಡಿರಲಿಲ್ಲ.

ನರಸಮ್ಮ ಇಳಿಯಲಿಲ್ಲ. "ಇಲ್ಲಿ ಉಕ್ಕಿಸಿ ಆಮೇಲೆ ಅಲ್ಲಿಗೆ ಹೋಗೋದು ಯಾವ ಶಾಸ್ತ್ರ ತಾಯಿ?"

"ಮೇಲೆ ನೋಡಿ. ಒಂದೇ ಸೂರು, ಒಂದೇ ತೊಲೆ. ಈ ಕೊನೆಯಿಂದ ಆ ಕೊನೆಗೆ ಹೋದರೆ ಮನೆ ಬದಲಾಯಿಸಿದ ಹಾಗಾಗುತ್ತಾ? ಹಾಗಾದರೆ ನಾನು ದಿನಾ ನಡುಮನೆಯಿಂದ ಹಿತ್ತಲಿಗೆ ಹೋಗೋವಾಗ ಪಂಚಾಂಗ ನೋಡಬೇಕು."

ನರಸಮ್ಮ ತಲೆಯೆತ್ತಿ ಹೆಂಚಿನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನೋಡಿ, ದೇವರ ಪೆಟ್ಟಿಗೆಯನ್ನು ಸೊಸೆಯ ಕೈಗೆ ದಾಟಿಸಿದರು.

ಹಾಲು ಉಕ್ಕಿದಾಗ ಹತ್ತಕ್ಕೆ ಇನ್ನೂ ಹೊತ್ತಿತ್ತು. ಸಾಮಾನು ನನ್ನ ಕೋಣೆಗೆ ಇಳಿಯಿತು, ನನ್ನ ಚಾಪೆ ಜಗುಲಿಗೆ ಬಂತು. ಅತ್ತೆ ನನ್ನನ್ನು ಬೈಯಲಿಲ್ಲ. ಮಧ್ಯಾಹ್ನ ಎಲೆ ಹಾಕಿದಾಗ, "ಕೊಟ್ಟ ಮಾತು ನಿನ್ನದು, ಕೋಣೆಯೂ ನಿನ್ನದೇ ಹೋಯ್ತು. ಲೆಕ್ಕ ಸರಿಹೋಯ್ತು ಬಿಡು" ಎಂದಳು. ಆಮೇಲೆ, "ಕಿವಿ ಇದ್ದರೆ ಸಾಲದಪ್ಪಾ, ಎದ್ದು ಹೋಗಿ ಕೇಳಬೇಕು" ಎಂದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಆಷಾಢವೆಲ್ಲ ನಾವು ಹಾಗೆ ಕಳೆದೆವು. ಮೊದಲ ದಿನವೇ ಅತ್ತೆ ಅಡುಗೆಮನೆಯನ್ನು ಯಶೋದಮ್ಮನಿಗೆ ಬಿಟ್ಟುಕೊಟ್ಟಳು. ಮರುದಿನದಿಂದ ತನ್ನದೇ ಅಡುಗೆಮನೆಯ ಹೊರಗೆ ಕೋಲೂರಿ ನಿಂತು, "ಯಶೋದಾ, ಬರಬಹುದೇನಮ್ಮಾ?" ಎಂದು ಕೂಗುತ್ತಿದ್ದಳು. ಯಶೋದಮ್ಮ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು. "ನಿಮ್ಮ ಮನೇಗೆ ನೀವು ಕೇಳೋದಾ ಅಮ್ಮಾ?" ಎಂದರೆ, "ಒಲೆ ಯಾರು ಹಚ್ಚುತ್ತಾರೋ ಮನೆ ಅವರದು" ಎನ್ನುತ್ತಿದ್ದಳು. ಸಾರಿಗೆ ಹುಳಿ ಹೆಚ್ಚಾದ ದಿನವೂ ಮಾತಾಡದೆ ಉಂಡಳು. ನರಸಮ್ಮ ಮಾತ್ರ, "ಬಾಡಿಗೆಯವರಾಗಿದ್ದೂ ಯಜಮಾನಿಕೆ ಮಾಡೋ ಯೋಗ ನನ್ನ ಸೊಸೆಗೇ ಬರಬೇಕಿತ್ತು" ಎಂದು ಜಗುಲಿಯಲ್ಲಿ ಕುಳಿತು ನಗುತ್ತಿದ್ದರು. ಪುರುಡು ಕಳೆದ ಮೇಲೆ ಬಾಣಂತಿಯ ಬಿಸಿನೀರಿಗೆ ಸೌದೆ ಸೀಳುವ ಕೆಲಸ ಮೇಷ್ಟ್ರಿಗೂ ನನಗೂ ಬಿತ್ತು.

ಶ್ರಾವಣದ ಮೊದಲ ವಾರ ಅಚ್ಯುತಯ್ಯನವರು ಹೆಂಡತಿ, ಮಗಳು, ಮೊಮ್ಮಗನೊಡನೆ ಹೊರಟರು. ನಾನು ಸುಣ್ಣ ಹೊಡೆಸಿ, ಕಿಟಕಿಗಳನ್ನು ತೆರೆದಿಟ್ಟು, ಮೂರು ದಿನ ಕಾದೆ. ನಾಲ್ಕನೆಯ ದಿನ ಮೇಷ್ಟ್ರ ಮನೆಯವರು ಈ ಕೊನೆಯಿಂದ ಆ ಕೊನೆಗೆ ನಡೆದುಹೋದರು. ಯಾರೂ ಪಂಚಾಂಗ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ತನ್ನ ಅಡುಗೆಮನೆಗೆ ಹೋದಳು. ಹಿಂದಿನ ದಿನ ಹೊರಡುವ ಮುನ್ನ ಯಶೋದಮ್ಮ ಒಲೆಯನ್ನು ಸಾರಿಸಿ, ತನ್ನ ಊರಿನ ರೀತಿಯಲ್ಲಿ ಬಳ್ಳಿಯಂಥ ಒಂದು ರಂಗೋಲಿ ಎಳೆದುಹೋಗಿದ್ದಳು. ಅತ್ತೆ ಮಂಡಿ ಹಿಡಿದುಕೊಂಡು ಅದರ ಮುಂದೆ ಕುಳಿತಳು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಬಹಳ ಹೊತ್ತಿನ ಮೇಲೆ ಬಟ್ಟೆಯನ್ನು ಪಕ್ಕಕ್ಕಿಟ್ಟು, ಹಿಟ್ಟಿನ ಬಟ್ಟಲನ್ನು ಎಳೆದುಕೊಂಡು, ಆ ಬಳ್ಳಿಯ ತುದಿಗೆ ತನ್ನದೊಂದು ಎಲೆ ಬರೆದಳು. ಆಮೇಲೆ ಬೆಂಕಿ ಹೊತ್ತಿಸಿದಳು.